ಜಫರನ ಎಡೆ

ಕ್ಯಾತನಹಳ್ಳಿ
೮-೧೦-೧೯೯೬

ಗೆಳೆಯ ಪೀರ್ ಅಹಮದನಿಗೆ,

ಕೊಡೋದಿಲ್ಲ ಅಂತ ನಿನ್ನೆಯೇ ಅನ್ನಬೇಕಾಗಿತ್ತು. ಪಾಂಡವಪುರದಲ್ಲಿ ನೀನು ನಾಗಮಂಗಲದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ಲೋ ಚಿಕ್ಸ್ವಾಮಿ, ನನ್ ಮಗನ ಫೋಟೋ ವಾಪಸ್ ಕೊಟ್ಬುಡು. ಬಾಟ್ಲಿ ಪಕ್ಕ ಅವ್ನು ಇರೋದು ಬ್ಯಾಡ" ಅಂದಾಗ ನಾನು "ಬಸ್ಸು ಹೊಂಟದೆ, ಹತ್ತು" ಅಂದುಬಿಟ್ಟೆ. ಉತ್ತರ ಒಂದು ರಾತ್ರಿ ತಡವಾಯಿತು, ಮನ್ನಿಸು. ನಿನ್ನಾಕೆ ಅಸ್ಗರಿ ತಂಗಿಯ ಮಂಡಿನೋವು ಹೇಗಿದೆ ಅಂತ ಕೇಳೋದನ್ನೂ ಮರೆತೆ.

ನಮ್ಮ ಜಫರನ ಬಸ್ಸಿನ ಮೇಲೆ ತೆಗೆದ ಆ ಸಿನಿಮಾ ನಾನೂ ನೋಡಿದೆ. ಮೊದಲು ಪರದೆ ತುಂಬ ‘ಸತ್ಯಘಟನೆ ಆಧಾರಿತ’ ಅಂತ ಬಂತು. ಆಮೇಲೆ ನಿನ್ನ ಮಗ ಅಂತೆ, ಒಬ್ಬ ಬಂದ. ಕಣ್ಣಿಗೆ ಮೆತ್ತಿದ ಸುರ್ಮಾ, ಕೊರಳಲ್ಲಿ ಎತ್ತಿನ ಗಂಟೆಯಷ್ಟು ತಾಯಿತ, ಸ್ಟೇರಿಂಗ್ ಪಕ್ಕ ಬ್ರಾಂದಿ ಬಾಟಲಿ. "ಹಮ್ಕು ಕನ್ನಡ ಬರಲ್ಲ, ಬಸ್ಸು ಓಡಿಸ್ತಾನೆ" ಅಂತಾನೆ. ಜನ ಬಿದ್ದುಬಿದ್ದು ನಕ್ಕರು. ನಮ್ಮ ಜಫರನ ಕನ್ನಡ ಇವರು ಕೇಳಬೇಕಿತ್ತು. ನನ್ನ ಮಗ ಲೋಕೇಶ ಕಾಲೇಜು ಸೇರಿ "ಹೋಗೋಣ" ಅಂತ ನಯವಾಗಿ ಅನ್ನೋಕೆ ಶುರು ಮಾಡಿದಾಗ "ಓಗವ ಅನ್ಲಾ, ಹಲ್ಲು ಸವ್ದೋದದಾ?" ಅಂತ ಕಿಚಾಯಿಸಿದವನು ಅವನು.

ನಾನೂ ಇದ್ದೀನಿ ಅದರಲ್ಲಿ. ಗಿರಿಜಾ ಮೀಸೆ, ಕೈಯಲ್ಲಿ ಚಾಟಿ, ಆಳುಗಳನ್ನು ಒದೆಯೋ ಗೌಡ. ನಮ್ಮನೆಯವಳು ಪುಟ್ಟಲಕ್ಷ್ಮಿ ಬದುಕಿದ್ದಾಗ ಮನೆಯಲ್ಲಿ ಜೋರಾಗಿ ಕೆಮ್ಮೋಕೂ ನನಗೆ ಧೈರ್ಯ ಇರಲಿಲ್ಲ ಅಂತ ನಿನಗೆ ಗೊತ್ತು. ಅದಕ್ಕೆ ನಗಬಹುದು ಬಿಡು. ನಗೋಕಾಗದೆ ಇರೋದು ನಾಲೆಯದು.

ಆ ದಿನ ಆದದ್ದು ಇಷ್ಟು. ಎದುರಿಗೆ ಬಂದ ಕಬ್ಬಿನ ಟ್ರಾಕ್ಟರಿಗೆ ದಾರಿ ಬಿಡೋಕೆ ಜಫರ ಬಸ್ಸನ್ನು ಅಂಚಿಗೆ ತಂದ, ಮಳೆಗೆ ನೆಂದಿದ್ದ ನಾಲೆ ಏರಿ ಕುಸಿದು ಬಸ್ಸು ನೀರಿಗೆ ಉರುಳಿತು. ಈಜಿ ದಡ ಸೇರಿದವನು ಮತ್ತೆ ಮತ್ತೆ ನೀರಿಗೆ ಇಳಿದ. ಮೊದಲು ನಮ್ಮ ಲೋಕೇಶನನ್ನೇ ಕೂದಲು ಹಿಡಿದು ಎಳೆದು ಹಾಕಿದ. ಕೊನೆಗೆ ನನ್ನ ಪುಟ್ಟಲಕ್ಷ್ಮಿಯನ್ನು ತರೋಕೆ ಹೋದವನು ಬರಲಿಲ್ಲ. ಇಬ್ಬರನ್ನೂ ಮೇಲೆತ್ತಿದಾಗ ಅವಳ ಸೆರಗು ಅವನ ಮುಂಗೈಗೆ ಸುತ್ತಿಕೊಂಡಿತ್ತು. ನಾನೂ ನೀನೂ ಕೂತು ಬಿಡಿಸಿದೆವು.

ಸಿನಿಮಾದಲ್ಲಿ ಸೆರಗಿಲ್ಲ, ಟ್ರಾಕ್ಟರೂ ಇಲ್ಲ. ಕುಡಿದ ಡ್ರೈವರು ಮುಳುಗೋ ಹೆಂಗಸಿನ ಮಾಂಗಲ್ಯದ ಸರ ಕೀಳೋಕೆ ಹೋಗಿ ತಾನೂ ಸಾಯ್ತಾನೆ. ಅವನು ಸತ್ತಾಗ ಜನ ಶಿಳ್ಳೆ ಹೊಡೆದರು. ನಾನು ಎದ್ದು ನಿಂತು "ಸುಳ್ಳು ಕಣ್ರಯ್ಯ" ಅಂದೆ. ಹಿಂದಿನಿಂದ ಯಾವನೋ, "ಕುಂತ್ಕೊ ತಾತ, ತಲೆ ಅಡ್ಡ ಬತ್ತದೆ" ಅಂದ.

ಮೈಸೂರಲ್ಲಿ ಓದುವಾಗ ಇಂಗ್ಲಿಷ್ ಮೇಷ್ಟ್ರು ‘ಡ್ರಮಟೈಸ್’ ಅನ್ನೋ ಮಾತಿಗೆ ಅರ್ಥ ಹೇಳಿದ್ದರು. ಲೈಫನ್ನು ಸ್ಟೇಜಿಗೆ ಹೊಂದಿಸೋದು, ಆಮೇಲೆ ಸಮ್‌ಥಿಂಗ್ ಸಮ್‌ಥಿಂಗ್ ಟ್ರೂತ್. ನಡುವಿನದು ಮರೆತುಹೋಗಿದೆ. ಆದರೆ ಸತ್ತವನ ಕೈಗೆ ಕಳ್ಳತನ ಕೊಡೋದು ಅಂತ ಆ ಪುಣ್ಯಾತ್ಮ ಹೇಳಿರಲಿಲ್ಲ. ಅಷ್ಟು ನೆನಪಿದೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ಆ ಕಥೆ ಬರೆದವನು ಹೋದ ವರ್ಷ ಪಕ್ಷದ ಹಬ್ಬದ ದಿನ, ನೀವು ಊಟ ಮಾಡಿ ಹೊರಟ ಮೇಲೆ, ನಮ್ಮ ಮನೆಗೆ ಬಂದಿದ್ದ. ಎಡೆ ಇನ್ನೂ ಹಾಗೇ ಇತ್ತು. ಸತ್ತವರ ಫೋಟೋ ಸಾಲಾಗಿ, ಒಬ್ಬೊಬ್ಬರ ಮುಂದೆ ಅವರವರು ಇಷ್ಟಪಟ್ಟದ್ದು. ಪುಟ್ಟಲಕ್ಷ್ಮಿಗೆ ಎಲೆಅಡಿಕೆ, ನಮ್ಮಪ್ಪನಿಗೆ ಬ್ರಾಂದಿ, ಜಫರನಿಗೆ ಕಜ್ಜಾಯ. ಅವನು ಬಾಟಲಿ ತೋರಿಸಿ, "ಇದು ಡ್ರೈವರದಾ?" ಅಂದ.

"ಅಲ್ಲ ಸ್ವಾಮಿ, ನಮ್ಮಪ್ಪಂದು. ಜಫರ ಮುಟ್ತಿರಲಿಲ್ಲ. ಅವನದು ಆ ಕಜ್ಜಾಯ" ಅಂತ ಬಿಡಿಸಿ ಹೇಳಿದೆ. ಹೌದಾ ಹೌದಾ ಅಂದ. ಮಾತಾಡ್ತಾ ಆಡ್ತಾ ಜಫರನ ಕಜ್ಜಾಯ ತೆಗೆದು ತಿಂದ. ಪಕ್ಷದ ಹಬ್ಬಕ್ಕೆ ಬಂದ ಪರವೂರಿನವನಲ್ಲವಾ ಅಂತ ನಾನೇ ಇನ್ನೊಂದು ಹಾಕಿಸಿದೆ. ಸಾಬರ ಹುಡುಗ, ಬಸ್ಸಿನ ಡ್ರೈವರು ಅಂದರೆ ಹೀಗೇ ಇರಬೇಕು ಅಂತ ಅವನು ಊರಿಂದಲೇ ಬರೆದುಕೊಂಡು ಬಂದಿದ್ದ, ಪೀರ. ನಮ್ಮ ಮನೆಯಲ್ಲಿ ಅವನಿಗೆ ಬೇಕಾಗಿದ್ದು ಒಂದು ಬಾಟಲಿ, ಅಷ್ಟೇ.

ಅವನ ಮೇಲಿನ ಸಿಟ್ಟಿಗೆ ನೀನು ಫೋಟೋ ಕಿತ್ತುಕೊಂಡರೆ ಗೆದ್ದವನು ಅವನೇ. "ನಮ್ಮಲ್ಲಿ ಇದೆಲ್ಲ ಇಲ್ಲ, ಆದ್ರೂ ನಿನ್ ಮನೇಲಿ ನಿನ್ ಪದ್ಧತಿ" ಅಂತ ಆ ಫೋಟೋ ತಂದುಕೊಟ್ಟವನು ನೀನು. ಈ ಶನಿವಾರ ಅಮಾವಾಸ್ಯೆ, ಪಕ್ಷದ ಹಬ್ಬ. ನಮ್ಮಪ್ಪನಿಗೆ ಈ ಸಲ ಬ್ರಾಂದಿ ಇಲ್ಲ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಬದುಕಿದ್ದಾಗ ಸಾಕಷ್ಟು ಕುಡಿದಿದ್ದಾನೆ. ನೀವಿಬ್ಬರೂ ಬನ್ನಿ, ಉಣ್ಣಿ. ಆಮೇಲೂ ಬೇಡ ಅನ್ನಿಸಿದರೆ ನಿನ್ನ ಕೈಯಾರೆ ಮೊಳೆಯಿಂದ ಇಳಿಸಿಕೊಂಡು ಹೋಗು. ನಾನು ಇಳಿಸೋನಲ್ಲ.

ಇನ್ನೂ ಬರೀಬೇಕು, ಆದರೆ ಜಗುಲಿಗೆ ಕತ್ತಲು ಹತ್ತುತ್ತಾ ಇದೆ, ಕರೆಂಟೂ ಇಲ್ಲ. ಸಾಲು ಸೊಟ್ಟ ಆಗ್ತಿವೆ. ನಿನ್ನ ಅಲ್ಲಾ, ನನ್ನ ಚಲುವರಾಯಸ್ವಾಮಿ, ಇಬ್ಬರೂ ಸೇರಿ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಚಿಕ್ಕಸ್ವಾಮಿ

ಮತ್ತೆ: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನೀನು ಬಂದರೆ ಅವನ ಬಾಯಿಂದಲೇ ಕೇಳ್ತೀಯ, ಅದಕ್ಕಿಂತ ನಾನೇ ಹೇಳೋದು ಮೇಲು. ಲೋಕೇಶನೂ ಸಿನಿಮಾ ನೋಡಿ ಬಂದ. ನಿನ್ನೆ ರಾತ್ರಿ ಉಣ್ಣುವಾಗ, "ಫೋಟೋ ಕೊಟ್ಬುಡಪ್ಪ. ಇಷ್ಟು ಜನ ಅಂತಾವ್ರೆ ಅಂದ್ರೆ ಒಂಚೂರು ಕುಡ್ದಿದ್ರೂ ಕುಡ್ದಿರ್ಬೋದು" ಅಂದ. "ನಿನ್ನ ಎಳೆದು ಹಾಕ್ದಾಗ ವಾಸನೆ ಬಂತಾ?" ಅಂದೆ. ತಟ್ಟೆ ನೋಡಿಕೊಂಡು, "ನೆನಪಿಲ್ಲ" ಅಂದ. ಅವತ್ತು ಏರಿ ಮೇಲೆ ನಡುಗುತ್ತಾ ಕೂತು, ಯಾರು ಏನು ಕೇಳಿದರೂ "ಜಫರಣ್ಣ ಇನ್ನೂ ಒಳಗವ್ನೆ, ಜಫರಣ್ಣ ಇನ್ನೂ ಒಳಗವ್ನೆ" ಅಂತ ಅದೊಂದನ್ನೇ ಹೇಳ್ತಿದ್ದವನು, ಇವನೇ.