ಕ್ಷೌರದ ಪ್ರಶ್ನೆ ಮತ್ತು ಹನ್ನೆರಡು ಹೆಂಗಸರು

ಮಾರ್ಚ್ 4, ಮಂಗಳವಾರ

ಬೆಳಗಿನ ರೌಂಡ್ಸ್ ಮುಗಿಯಿತು. ಕಿಡ್ನಿ ಕಸಿಯಾದವರ ಮಾತ್ರೆಯ ಅಧ್ಯಯನಕ್ಕೆ ಅರವತ್ತೊಂದು ಜನ ಸೇರಿದ್ದಾರೆ. ನನಗೆ ತೃಪ್ತಿ. ಜುಲ್ಖುಮೋರ್‌ಗೆ ಇಲ್ಲ. ನನ್ನ ಕೈಕೆಳಗೆ ಕಲಿಯುತ್ತಿರುವ ವೈದ್ಯರಲ್ಲಿ ಎಲ್ಲರಿಗಿಂತ ಕಿರಿಯಳು, ಎಲ್ಲರಿಗಿಂತ ಜೋರು. ನನ್ನನ್ನು 'ಉಸ್ತೋಜ್', ಗುರುಗಳು, ಎಂದೇ ಕರೆಯುವುದು.

"ಉಸ್ತೋಜ್, ಇದ್ರಲ್ಲಿ ಹೆಂಗಸರೆಷ್ಟು?"

"ನಾಲ್ವರು."

"ಈ ಗಂಡಸರ ಹೊಟ್ಟೇಲಿ ಅಕ್ಕಂದು, ಅಮ್ಮಂದು, ಹೆಂಡ್ತೀದು ಅಂತ ಮೂವತ್ತೆಂಟು ಕಿಡ್ನಿ ಇದೆ. ತಲೆ ಬಿಟ್ಟು ಕಿಡ್ನಿ ಎಣಿಸಿದ್ರೆ ನಮ್ಮದೇ ಬಹುಮತ!"

ನಕ್ಕೆ. ಆಮೇಲೆ ನಗು ತಾನಾಗಿ ನಿಂತಿತು.

ಪಟ್ಟಿ ಮುಚ್ಚುವುದು 19ರ ಸಂಜೆ ನಾಲ್ಕಕ್ಕೆ. ಇನ್ನೂ ಹನ್ನೆರಡು ಹೆಂಗಸರು ಸೇರಿದರೆ ಮಾತ್ರ ಅವರ ಫಲಿತಾಂಶವನ್ನು ಬೇರೆಯಾಗಿ ನೋಡಬಹುದು. ಇಲ್ಲವಾದರೆ ಗಂಡಸರಿಗೆ ಗೊತ್ತುಮಾಡಿದ ಡೋಸೇ ಅವರಿಗೂ. ಹನ್ನೆರಡು ಜನರನ್ನೂ ತಾನೇ ಕರೆತರುವೆನೆಂದಳು ಜುಲ್ಖುಮೋರ್. ಯುವಜನರ ಈ ಹಟವೇ ನನ್ನ ಆರೋಗ್ಯದ ಗುಟ್ಟು.

ಮಾರ್ಚ್ 7

ಹೆಂಗಸರನ್ನು ಹುಡುಕಿ ಸೇರಿಸಲು ಆಸ್ಪತ್ರೆಯ ನಿರ್ದೇಶಕರಿಗೆ ಉತ್ಸಾಹವಿಲ್ಲ. "ಹೆಂಗಸರಿಗೆ ಈ ಮಾತ್ರೆ ತೊಂದರೇನೇ ಕೊಡೋಲ್ಲ. ನಿಮ್ಮ ಕಾಗದಾನೇ ನೋಡಿ." ನಿಜ. ಈ ಮಾತ್ರೆಯಿಂದ ಕೈ ನಡುಗುವುದುಂಟು. ನಾಲ್ವರಲ್ಲಿ ಒಬ್ಬರಿಗೂ ನಡುಕವಿಲ್ಲ.

ಜುಲ್ಖುಮೋರ್ ಪ್ರಶ್ನಾವಳಿ ತೆರೆದು ಗಟ್ಟಿಯಾಗಿ ಓದಿದಳು: "ಕ್ಷೌರ ಮಾಡಿಕೊಳ್ಳುವಾಗ ಕೈ ನಡುಗುತ್ತದೆಯೇ?"

ನಾಲ್ವರೂ ಪ್ರಾಮಾಣಿಕವಾಗಿ ಬರೆದಿದ್ದರು — ಇಲ್ಲ.

"ಯಾವ ಪುಣ್ಯಾತ್ಮ ಬರೆದಿದ್ದು ಇದನ್ನ?"

ಕಿಟಕಿಯ ಹೊರಗೆ ನೋಡಿದೆ. ಹತ್ತೊಂಬತ್ತು ವರ್ಷದ ಹಿಂದೆ, ನಾನೇ. ಆಗ ಬಹಳ ಜಾಣ ಪ್ರಶ್ನೆಯೆನಿಸಿತ್ತು.

ಮಾರ್ಚ್ 8

ಮಹಿಳಾ ದಿನ. ಜುಲ್ಖುಮೋರ್ ನಿರ್ದೇಶಕರ ಬಳಿ ಊರೂರಿಗೆ ಹೋಗಲು ವ್ಯಾನ್ ಕೇಳಿದಳು. ಟುಲಿಪ್ ಹೂ ಕೊಟ್ಟರು.

ಮಾರ್ಚ್ 11

ರಿಶ್ತಾನ್‌ನಿಂದ ಇನೋಯತ್ ಎಂಬ ಅಜ್ಜಿ ಸೊಸೆ ಸಾನೋಬರ್‌ಳನ್ನು ಎಳೆದುಕೊಂಡೇ ಬಂದರು. ಸಾನೋಬರ್ ಪಟ್ಟಿಯ ಆ ನಾಲ್ವರಲ್ಲಿ ಒಬ್ಬಳು.

"ಡಾಕ್ಟ್ರೇ, ಇವಳಿಗೆ ಕಿಡ್ನಿ ಜೊತೆ ಕೊಬ್ಬನ್ನೂ ಹಾಕಿದ್ರಾ? ಮೊದ್ಲು ಹೀಗಿರ್ಲಿಲ್ಲ!"

"ಏನಾಯ್ತು, ಖೋಲಾ?" ಎಂದು ಚಿಕ್ಕಮ್ಮನನ್ನು ಕೇಳುವಂತೆ ಕೇಳಿದಳು ಜುಲ್ಖುಮೋರ್.

"ಚಹಾ! ಬಂದೋರಿಗೆ ಬಟ್ಟಲಲ್ಲಿ ತಳ ಮುಚ್ಚೋಷ್ಟು ಸುರಿದ್ರೆ ಮರ್ಯಾದೆ, ಕಂಠಮಟ್ಟ ತುಂಬಿದ್ರೆ 'ಎದ್ದು ನಡಿ' ಅಂತ. ಇವಳು ತುಂಬ್ತಾಳೆ, ತುಳುಕಿಸ್ತಾಳೆ! ಮೊನ್ನೆ ಬೀಗರು ಟೋಪಿ ಹಾಕ್ಕೊಂಡು ಹೊರಟೇಬಿಟ್ರು!"

ಸಾನೋಬರ್ ತಲೆ ತಗ್ಗಿಸಿ ಅಂಗೈಗಳನ್ನು ತೊಡೆಯ ಕೆಳಗೆ ಅಡಗಿಸಿದ್ದಳು. ಜುಲ್ಖುಮೋರ್ ಮೆಲ್ಲನೆ ಹೊರತೆಗೆದು ಹಿಡಿದಳು. ಮಳೆಯಲ್ಲಿ ನೆನೆದ ಗುಬ್ಬಿಯಂತೆ ನಡುಗುತ್ತಿದ್ದವು.

"ಮತ್ತೆ ನಡುಕ ಇಲ್ಲ ಅಂತ ಬರೆದ್ರಲ್ಲ?"

"ನೀವು ಕೇಳಿದ್ದು ಗಡ್ಡದ ವಿಷ್ಯ, ಅಪಾ," ಎಂದಳು ಸಾನೋಬರ್, ಅಕ್ಕನಿಗೆ ಹೇಳುವಂತೆ.

ರಕ್ತ ಪರೀಕ್ಷೆ ಮಾಡಿಸಿದೆವು. ಮಾತ್ರೆಯ ಮಟ್ಟ ಮಿತಿಮೀರಿತ್ತು. ಡೋಸ್ ಇಳಿಸಿದೆವು. ಹೊರಡುವಾಗ ಅಜ್ಜಿ ಸೊಸೆಯ ಚೀಲವನ್ನು ತಾವೇ ಎತ್ತಿಕೊಂಡರು.

ಮಾರ್ಚ್ 13

ಹೊಸ ಪ್ರಶ್ನೆಗೆ ಆಸ್ಪತ್ರೆಯ ನೀತಿ ಸಮಿತಿಯ ಒಪ್ಪಿಗೆ ಸಿಕ್ಕಿತು: 'ಚಹಾ ಸುರಿಯುವಾಗ ಕೈ ನಡುಗುತ್ತದೆಯೇ?' ಮೊದಲು ಗಂಡಸೊಬ್ಬನನ್ನು ಕೇಳಿದೆವು. ಮದುವೆಯಾಗಿ ಇಪ್ಪತ್ತು ವರ್ಷ. ಯೋಚಿಸಿ, "ಹೆಂಡ್ತೀನ ಕೇಳಿ ಹೇಳ್ತೀನಿ" ಎಂದ. ಎರಡೂ ಪ್ರಶ್ನೆಗಳನ್ನು ಇಟ್ಟುಕೊಳ್ಳುವುದೆಂದು ತೀರ್ಮಾನ.

ಧೈರ್ಯ ತಂದುಕೊಂಡು ಜುಲ್ಖುಮೋರ್‌ಗೆ ಹೇಳಿದೆ: "ಆ ಪುಣ್ಯಾತ್ಮ ನಾನೇ, ಮಗು."

"ಗೊತ್ತು, ಉಸ್ತೋಜ್. ಕೆಳಗೆ ನಿಮ್ಮ ಸಹಿ ಇದೆ."

ಮಾರ್ಚ್ 18

ನಾಲ್ಕು ದಿನ ಬರೆಯಲು ಬಿಡುವಾಗಲಿಲ್ಲ. ಇನೋಯತ್ ಅಜ್ಜಿಯ ಫೋನಿಗೂ ಬಿಡುವಿಲ್ಲ; ಹೆಂಗಸರನ್ನು ಹುಡುಕಲು ತಾವೂ ನಮ್ಮ ಜೊತೆ ನಿಂತಿದ್ದಾರೆ. ನಮ್ಮ ಕಡತಗಳಲ್ಲಿದ್ದುದೆಲ್ಲ ಗಂಡಂದಿರ ನಂಬರು. ಅಜ್ಜಿ ಫೋನ್ ಮಾಡುವುದು ಅತ್ತೆಯರಿಗೆ. "ಸೊಸೆ ಬಟ್ಟಲು ತುಂಬ್ತಿದಾಳಾ? ಬೈಬೇಡ ಕಣೇ, ಕರ್ಕೊಂಡು ಬಾ!" ಇಷ್ಟು ವರ್ಷ ವಿಜ್ಞಾನಕ್ಕೆ ಸಿಗದ ಹೆಂಗಸರು ಒಬ್ಬ ಅತ್ತೆಗೆ ಸಿಕ್ಕಿದರು. ಸಂಜೆಗೆ ಒಂಬತ್ತು. ನಾಳೆ ಕೊನೆ. ಮೂರು ಬೇಕು.

ಮಾರ್ಚ್ 19, ಮಧ್ಯಾಹ್ನ 3:40

ಹನ್ನೊಂದು.

3:49

ಬಸ್ಸು ತಡವಾಗಿ ಈಗಷ್ಟೇ ಬಂದವಳು ಬಶೋರತ್, ಹತ್ತಿ ಗಿರಣಿಯವಳು. ಇವಳು ಹನ್ನೆರಡನೆಯವಳು. ನನ್ನ ಮೇಜಿನ ಎದುರಿಗೇ ಕುಳಿತು ಫಾರಂ ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಳೆ.

"ನಮ್ಮ ಯಜಮಾನ್ರ ಸಹಿ ಎಲ್ಲಿ? ಅವ್ರು ಸಂತೇಗೆ ಹೋಗಿದಾರಲ್ಲ!"

ನಾನು ಗಡಿಯಾರ ನೋಡಿದೆ. ಜುಲ್ಖುಮೋರ್ ಮಾತ್ರ ಶಾಂತವಾಗಿ, "ಅವ್ರದು ಬೇಡ, ಅಪಾ."

"ಅತ್ತೇದು?"

"ಅದೂ ಬೇಡ."

"ನಂದೊಂದೇ ಸಾಕಾ? ಆಪರೇಷನ್ ಹೊತ್ತಲ್ಲಿ ಮನೆ ಗಂಡಸರೆಲ್ಲಾ ಸಾಲಾಗಿ ನಿಂತು ಸಹಿ ಹಾಕಿದ್ರು!"

"ಇದಕ್ಕೆ ನೀವೊಬ್ರೇ."

ತಲೆವಸ್ತ್ರ ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು. "ಹಾಗಾದ್ರೆ ದೊಡ್ಡದಾಗೇ ಹಾಕ್ತೀನಿ. ಪೆನ್ನು ಕೊಡಿ."

ಜುಲ್ಖುಮೋರ್‌ಳ ಪೆನ್ನಿನ ಶಾಯಿ ಹನ್ನೊಂದನೆಯವಳಿಗೇ ಮುಗಿದಿದೆ. ಇಬ್ಬರೂ ನನ್ನ ಕೈಯನ್ನೇ ನೋಡುತ್ತಿದ್ದಾರೆ. ಕೋಣೆಯಲ್ಲಿ ಉಳಿದಿರುವುದು ನಾನು ಬರೆಯುತ್ತಿರುವ ಇದೊಂದೇ ಪೆನ್ನು, ಕೊಡಬೇ—