ರೆಕ್ಕೆಯ ಮೇಲಿನ ಹೆಸರು

ಅಪ್ಪಾ,

ಈ ಸಂಜೆ ಮಣ್ಣಿನ ಟ್ರ್ಯಾಕಿನ ರೇಸಿನಲ್ಲಿ ಮೊದಲ ಸಲ ಸ್ಪ್ರಿಂಟ್ ಕಾರ್ ಓಡಿಸಿದೆ. ಮೂರನೆಯವಳಾಗಿ ಬಂದೆ. ನಾನಿನ್ನೂ ಪುಟ್ಟ ರೇಸ್ ಬಂಡಿ ಕಾರ್ಟ್ ಓಡಿಸುತ್ತಿದ್ದಾಗಲೇ ನೀನು ಕನಸು ಕಂಡದ್ದು ಇದನ್ನೇ. ಇನ್ನೊಂದು ವರ್ಷ ಬದುಕಿದ್ದರೆ ನೀನೂ ನೋಡುತ್ತಿದ್ದೆ.

ಕಾರನ್ನು ಹಿಂದಿನಿಂದ ಟ್ರಕ್ಕಿನಲ್ಲಿ ತಳ್ಳಿ ಎಂಜಿನ್ ಚಾಲೂ ಮಾಡಿಸಲು ಬಂದವನು ನಿನ್ನ ಗೆಳೆಯ ವರ್ಲಿನ್. ಕಾರಿನ ನೆತ್ತಿಗೆ ಕೂರಿಸಿದ ಅಗಲ ತಗಡಿನ ರೆಕ್ಕೆಯ ಮೇಲೆ ಬರೆದ ಪ್ರಾಯೋಜಕರ ಹೆಸರು ನೋಡಿ ನಕ್ಕ.

"ಏನಮ್ಮಾ ಕ್ರಾಂತಿಕಾರಿ, ಹಂದಿ ಮಾಂಸದ ಕಾರ್ಖಾನೆ ಹೆಸರು ನಿಂಗೆ ಚೆನ್ನಾಗೇ ಒಪ್ಪುತ್ತೆ!"

"ಟೈರು ಕರಪತ್ರ ತಿಂದು ಓಡಲ್ಲ, ವರ್ಲಿನ್ ಮಾಮ."

"ನಿಮ್ಮಪ್ಪನೂ ಹಿಂಗೇ ಅಂತಿದ್ದ," ಎಂದವನು ಟ್ರಕ್ ಹತ್ತಿದ.

ಮುಷ್ಕರದ ವರ್ಷ ನೀನು ತಲೆ ತಗ್ಗಿಸಿ ಆ ಕಾರ್ಖಾನೆಯ ಗೇಟು ದಾಟಿ ಕೆಲಸಕ್ಕೆ ಹೋದೆ. ನಾನು ಗೇಟಿನ ಹೊರಗೆ ಕರಪತ್ರ ಹಂಚುತ್ತಿದ್ದೆ. ಕಾರ್ಖಾನೆಯವರು ಟೈರು ಕೊಡಿಸಿದರೆಂದು ನನ್ನ ಕಾರ್ಟಿನ ಮೇಲೆ ನೀನು ಬರೆದಿದ್ದ ಅವರ ಹೆಸರನ್ನು ನಿನ್ನೆದುರೇ ಕೆರೆದು ಹಾಕಿದೆ. ಕೆಸರು ತೆಗೆಯಲು ನೀನೇ ಕೆತ್ತಿಕೊಟ್ಟ ಮರದ ಪಟ್ಟಿಯಿಂದಲೇ ಕೆರೆದೆ. ದುಡಿಯುವವರ ಮಗಳು ಮಾಲೀಕರ ಜಾಹೀರಾತಲ್ಲ ಎಂದೆ. ಅದು ಸರಿಯೆಂದು ಈಗಲೂ ನಂಬುತ್ತೇನೆ. ನೀನು ಒಬ್ಬನೇ ಕಾರ್ಟನ್ನು ಟ್ರೇಲರಿಗೆ ಏರಿಸಿದೆ.

ಇವತ್ತು ಓಟ ಮುಗಿಯುವಾಗ ರೆಕ್ಕೆಯ ತುಂಬ ಕೆಸರು ಮೆತ್ತಿ ಹೆಸರು ಕಾಣುತ್ತಿರಲಿಲ್ಲ. ನನಗೆ ಹಾಯೆನಿಸಿತು. ಅಷ್ಟರಲ್ಲಿ ಕಾರ್ಖಾನೆಯವನೊಬ್ಬ ಕ್ಯಾಮೆರಾ ಹಿಡಿದು ಬಂದ.

"ನಮ್ಮ ಹೆಸರು ಕಾಣ್ಬೇಕಲ್ಲ, ಸ್ವಲ್ಪ ಕ್ಲೀನ್ ಮಾಡ್ತೀರಾ?"

ನಿನ್ನ ಮರದ ಪಟ್ಟಿ ನನ್ನ ಬಳಿಯೇ ಇದೆ ಅಪ್ಪಾ. ರೆಕ್ಕೆಯ ಮೇಲೆ ಬಗ್ಗಿ, ಒಂದು ಅಕ್ಷರಕ್ಕೂ ಗೀರು ಬೀಳದಂತೆ, ಮೆಲ್ಲಗೆ ಕೆಸರು ತೆಗೆದೆ.

ಲೊರೀನ್