ನನ್ನ ಹೆಸರಿನ ಜಲವರ್ಣ

ಗ್ಲೆನ್‌ಮರ್ ಅರಮನೆ, ಸ್ಕಾಟ್ಲೆಂಡ್
ಸೆಪ್ಟೆಂಬರ್ ೪

ಪ್ರೀತಿಯ ಮೊರ್ವೆನ್,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೇನೆ. ಎಡಿನ್‌ಬರೋದ ಪ್ರದರ್ಶನದಲ್ಲಿ ನನ್ನ ಹೆಸರು ಹೊತ್ತ ಚಿತ್ರ ನೋಡಿದೆಯಂತೆ. ನಮ್ಮ ಹಿತ್ತಿಲು, ಗಾಳಿಗೆ ಹಾರುವ ದುಪ್ಪಟಿಗಳು, ನಡುವೆ ನೀನು. ನಿಂತಲ್ಲೇ ಅತ್ತೆಯಂತೆ. ನಾನು ನಿನ್ನನ್ನು ಇಷ್ಟೆಲ್ಲ ನೋಡಿದ್ದೆನೆಂದು ಗೊತ್ತಿದ್ದರೆ ಮನೆ ಬಿಟ್ಟು ಹೋಗುತ್ತಲೇ ಇರಲಿಲ್ಲ ಎಂದು ಬರೆದಿದ್ದೀಯ. ವಾಪಸು ಬರಲೇ ಎಂದೂ ಕೇಳಿದ್ದೀಯ. ಬಾ ಎಂದಷ್ಟೇ ಬರೆದು ಅಂಚೆಗೆ ಹಾಕಬಹುದಿತ್ತು. ಕೈ ಬರಲಿಲ್ಲ.

ಆ ಚಿತ್ರ ಬರೆದದ್ದು ನಾನಲ್ಲ, ಮೊರ್ವೆನ್. ಪ್ರಿನ್ಸ್ ಆಸ್ವಾಲ್ಡ್.

ನಮ್ಮ ಪ್ರಿನ್ಸ್‌ಗೆ ಜಲವರ್ಣದ ಹುಚ್ಚು ಎಂಥದೆಂದು ನಿನಗೆ ಗೊತ್ತು. ನಮ್ಮ ಭಾನುವಾರಗಳನ್ನೆಲ್ಲ ನುಂಗಿದ್ದೇ ಅದು. ಅವರು ಗುಡ್ಡದ ಮೇಲೆ ಕುಳಿತರೆ ಕೊಡೆ ಹಿಡಿಯುವುದು, ನೀರು ಬದಲಿಸುವುದು ನನ್ನ ಪಾಲು. ಮುಗಿದ ಮೇಲೆ ಪರಿವಾರದವರೆಲ್ಲ ಸಾಲಾಗಿ ಬಂದು "ತುಂಬಾ ಚೆನ್ನಾಗಿದೆ, ಸರ್" ಅನ್ನಬೇಕು. ಹಸು ಬಂಡೆಯಂತೆ ಕಂಡರೂ ಚೆನ್ನಾಗಿದೆ. ಜೀವಮಾನವೆಲ್ಲ ಅದನ್ನೇ ಕೇಳಿ ಪಾಪ ಅವರಿಗೂ ರೋಸಿಹೋಗಿದೆ.

ವಸಂತದಲ್ಲಿ ಒಂದು ದಿನ ಕಿಟಕಿಯಾಚೆ ಬರೀ ಮಂಜು. ಬರೆಯಲು ಏನೂ ಕಾಣದು. "ನಿಮ್ಮನೆ ಹೇಗಿದೆ, ಹೇಳಯ್ಯಾ" ಎಂದರು. ನಾನು ಹೇಳುತ್ತ ಹೋದೆ, ಅವರು ಬರೆಯುತ್ತ ಹೋದರು. ಮುಗಿದಾಗ, "ಪ್ರದರ್ಶನಕ್ಕೆ ಕಳಿಸೋಣ, ಆದ್ರೆ ನಿನ್ನ ಹೆಸರಲ್ಲಿ" ಎಂದರು.

"ನನ್ನ ಹೆಸರು ನೋಡಿದ್ರೆ ಆಚೆಗೆ ಎಸೆದುಬಿಡ್ತಾರೆ, ಸರ್" ಎಂದೆ.

"ಅದನ್ನೇ ನೋಡ್ಬೇಕಾಗಿರೋದು ಕಣಯ್ಯಾ! ನನ್ನ ಹೆಸರು ಹಾಕಿದ್ರೆ ಕತ್ತೆ ಬಾಲ ಬರೆದ್ರೂ ಗೋಡೆಗೆ ಹಾಕ್ತಾರೆ."

ಆಯ್ಕೆಯಾಯಿತು. ಮುದುಕ ಪ್ರಿನ್ಸ್ ನನ್ನ ಕೈ ಹಿಡಿದು, "ನಾನ್ಯಾರು ಅಂತ ಗೊತ್ತಿಲ್ದೇನೇ ಇಷ್ಟಪಟ್ರಾ?" ಎಂದು ಮತ್ತೆ ಮತ್ತೆ ಕೇಳಿದರು. ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಈಗ ನಿನ್ನೆದುರು ಅದನ್ನು ಮುರಿದಿದ್ದೇನೆ. ನೀನಾದರೂ ಯಾರಿಗೂ ಹೇಳಬೇಡ.

ನನಗೆ ತಲೆಬುಡ ತಿಳಿಯುತ್ತಿಲ್ಲ. ಕುಂಚ ಹಿಡಿದರೆ ನನಗೆ ಬೇಲಿಯೊಂದೂ ನೆಟ್ಟಗೆ ಬರದು. ಆದರೆ ನೀನು ಬೆನ್ನ ಹಿಂದೆ ಕಟ್ಟುವ ಏಪ್ರನ್ನಿನ ಹರಿದ ದಾರ ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಹೇಳಿದ್ದರಿಂದ ತಾನೇ? ಹಾಗಾದರೆ ನೀನು ಅತ್ತದ್ದು ಯಾರಿಗಾಗಿ? ಒಮ್ಮೆ ನಾನು ಬರೀ ಸುಳ್ಳುಗಾರ ಅನ್ನಿಸುತ್ತದೆ. ಇನ್ನೊಮ್ಮೆ, ನೋಡಿದವನು ನಾನೇ, ಅವರು ಬಣ್ಣ ಹಚ್ಚಿದರು ಅಷ್ಟೆ ಅನ್ನಿಸುತ್ತದೆ. ಈ ಎರಡನೆಯದನ್ನು ನಂಬಿದ ರಾತ್ರಿ ನಿದ್ದೆ ಬರುತ್ತದೆ. ಬೆಳಿಗ್ಗೆ ಎದ್ದರೆ ಮತ್ತೆ ಮೊದಲನೆಯದು.

ನೀನು ಬೇಕು, ಮೊರ್ವೆನ್. ಅದರಲ್ಲಿ ಮಾತ್ರ ಗೊಂದಲವಿಲ್ಲ. ಇಷ್ಟು ಓದಿಯೂ ಮನಸ್ಸಿದ್ದರೆ ಬಾ. ಬರದಿದ್ದರೆ ನಿನ್ನದು ತಪ್ಪು ಅನ್ನಲಾರೆ.

ನಿನ್ನವನು ಎನ್ನಲು ಹಕ್ಕಿದೆಯೋ ಇಲ್ಲವೋ ತಿಳಿಯದ,
ಹೆಕ್ಟರ್

ತಾ.ಕ.: ಚಿತ್ರದಲ್ಲಿ ನೀನು ಬೆನ್ನು ತಿರುಗಿಸಿ ನಿಂತಿರುವುದನ್ನು ಪತ್ರಿಕೆಯವರು ಬಹಳ ಹೊಗಳಿದ್ದಾರೆ. ಅಂದು ಪ್ರಿನ್ಸ್ ಮೊದಲು ಬರೆಯಹೊರಟದ್ದು ಮುಖವನ್ನೇ. "ಕಣ್ಣು ಯಾವ ಬಣ್ಣ?" ಎಂದು ಕೇಳಿದರು. ನನಗೆ ನೆನಪೇ ಆಗಲಿಲ್ಲ. ಅವರು "ಹೋಗ್ಲಿ ಬಿಡು" ಎಂದು ನಿನ್ನನ್ನು ಆ ಕಡೆಗೆ ತಿರುಗಿಸಿಬಿಟ್ಟರು.